‘ಪ್ರಾಮಾಣಿಕ’ ಅಂತ ಬರೆಯುವ ಮುಂಚೆ: ಅರ್ಜಿ, ಶಿಫಾರಸು, ಪಾಲುಪತ್ರಕ್ಕೆ ಸರಿಯಾದ ಪದ ಆರಿಸುವುದು ಹೇಗೆ

ನಾನು ಅರ್ಜಿ ಬರೆಯುವವನು. ಸಿಂಧನೂರಿನಲ್ಲಿ ಒಂದು ಬೇವಿನ ಮರದ ಕೆಳಗೆ ಟೇಬಲ್ಲು, ಎರಡು ಕುರ್ಚಿ, ಆಗಾಗ ಕೈಕೊಡುವ ಒಂದು ಪ್ರಿಂಟರ್. ಜನ ಬಾಯಲ್ಲಿ ಹೇಳಿದ್ದನ್ನು ಕಾಗದಕ್ಕೆ ಇಳಿಸೋದು ನನ್ನ ಕೆಲಸ. ‘ಮಾನ್ಯರೇ’ ಮತ್ತು ‘ವಿಷಯ’ ಬಿಟ್ಟರೆ ನಾನು ಅತಿ ಜಾಸ್ತಿ ಬರೆದ ಪದ ‘ಪ್ರಾಮಾಣಿಕ’. ಅದರ ಬೆನ್ನಿಗೇ ‘ನ್ಯಾಯ’.

ಈ ಎರಡೂ ಪದ ನನಗೆ ಸರಿಯಾಗಿ ಗೊತ್ತಿಲ್ಲ ಅಂತ ಒಬ್ಬ ಹಿರಿಯರು ತೋರಿಸಿಕೊಟ್ಟರು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಹಳ್ಳಿಯವರು. ಮುನಿರಾಬಾದಿನಿಂದ ಹೊರಟ ನೀರು 227 ಕಿಲೋಮೀಟರ್ ಹರಿದು ರಾಯಚೂರಿನ ಕಡೆ ಬರಬೇಕು. ಮಧ್ಯದಲ್ಲಿ ಎಷ್ಟು ಭತ್ತದ ಗದ್ದೆ, ಎಷ್ಟು ಪಂಪ್‌ಸೆಟ್ಟು ಅಂತ ನಿಮಗೇ ಗೊತ್ತು. ಅವರು ಹೇಳಿದ್ದನ್ನು ಕೇಳಿ ನಾನು ಜೋರಾಗಿ ಬರೆದೆ: ‘ಮೇಲ್ಭಾಗದವರು ನಮಗೆ ಘೋರ ಅನ್ಯಾಯ ಎಸಗುತ್ತಿದ್ದು, ತಾವು ದಯವಿಟ್ಟು ನ್ಯಾಯ ಒದಗಿಸಬೇಕು.’ ಓದಿ ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

“ನ್ಯಾಯ ಬ್ಯಾಡ್ರಿ. ನ್ಯಾಯ ಮಾಡೂ ವಯಸ್ಸಲ್ಲ ನಂದು. ಪಾಳಿ ಬೇಕು.”

ನಮ್ಮ ಕಡೆ ‘ನ್ಯಾಯ’ ಅಂದರೆ ಜಗಳ ಕೂಡ. ‘ಅವರ ಮನಿಯಾಗ ನ್ಯಾಯ ನಡದೈತಿ’ ಅಂದರೆ ಅಲ್ಲಿ ತೀರ್ಪು ಬರ್ತಾ ಇದೆ ಅಂತಲ್ಲ, ಬಡಿದಾಟ ಆಗ್ತಿದೆ ಅಂತ. ಹಿರಿಯರಿಗೆ ಜಗಳ ಬೇಕಿರಲಿಲ್ಲ. ತಮ್ಮ ಸರದಿ ಬೇಕಿತ್ತು. ಕಾಗದ ಹರಿದು ಮತ್ತೆ ಬರೆದೆ: ‘ನಮ್ಮ ತೂಬಿಗೆ ವಾರದಲ್ಲಿ ಎರಡು ದಿನ ನೀರಿನ ಪಾಳಿ ಇದೆ. ಕಳೆದ ಮೂರು ಪಾಳಿಯಲ್ಲಿ ನೀರು ಬಂದಿಲ್ಲ. ತಾರೀಕು ಕೆಳಗಿವೆ. ಆ ದಿನಗಳ ಗೇಜ್ (ನೀರಿನ ಮಟ್ಟದ) ದಾಖಲೆ ನೋಡಿ, ನಮ್ಮ ಪಾಳಿಯ ನೀರು ಕೊಡಿಸಬೇಕು.’ ಅವರು ಹೂಂ ಅಂದರು.

ಅವತ್ತಿನಿಂದ ನಾನು ಬರೆಯುವ ರೀತಿಯೇ ಬದಲಾಯಿತು. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳ್ತೀನಿ. ಶಿಫಾರಸು ಪತ್ರ ಬರೆಯುವ ಮೇಷ್ಟ್ರು, ಮಾನಪತ್ರ ಬರೆಯುವ ಸಂಘದ ಕಾರ್ಯದರ್ಶಿ, ದೂರು ಬರೆಯುವ ರೈತ, ಮನೆಯಲ್ಲೇ ಪಾಲುಪತ್ರ ತಯಾರು ಮಾಡುವ ಅಣ್ಣತಮ್ಮಂದಿರು, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲ ಹೆಜ್ಜೆ: ಪದ ಬಿಡಿ, ನಡೆದದ್ದು ಕೇಳಿ

‘ಪ್ರಾಮಾಣಿಕ’ ಪದದ ಒಳಗೆ ‘ಪ್ರಮಾಣ’ ಇದೆ. ಪ್ರಮಾಣ ಅಂದರೆ ಅಳತೆ. ಪುರಾವೆ ಅಂತಲೂ ಹೌದು, ಆಣೆ ಅಂತಲೂ ಹೌದು. ಗೊಬ್ಬರದ ಪ್ರಮಾಣ, ಪ್ರಮಾಣಪತ್ರ, ಪ್ರಮಾಣವಚನ: ಮೂರೂ ಅರ್ಥ ಇವತ್ತಿಗೂ ಓಡಾಡ್ತಿವೆ. ಒಬ್ಬರನ್ನು ಪ್ರಾಮಾಣಿಕ ಅಂತ ಕರೆದರೆ, ಅಳೆದು ನೋಡಿದ್ದೇವೆ ಅಂತ ಹೇಳಿದ ಹಾಗೆ. ಆದರೆ ಆ ಅಳತೆ ಏನು ಅಂತ ನಾವು ಬರೆಯೋದೇ ಇಲ್ಲ. ತಕ್ಕಡಿ ತೋರಿಸದೆ ತೂಕ ಹೇಳಿದರೆ ಮಾರ್ಕೆಟ್ಟಿನಲ್ಲಿ ಯಾರು ಒಪ್ಪುತ್ತಾರೆ?

ಹಾಗಾಗಿ ಯಾರಾದರೂ ‘ಇವ ಬಹಳ ಪ್ರಾಮಾಣಿಕ ಅಂತ ಬರೀರಿ’ ಅಂದರೆ ನಾನು ಪೆನ್ನು ಕೆಳಗಿಟ್ಟು ಕೇಳ್ತೀನಿ: ಏನು ಮಾಡಿದ? ಯಾವಾಗ? ನೀವು ಹೇಗೆ ನೋಡಿದಿರಿ? ಉತ್ತರ ಬಂದ ಮೇಲೆ ಎಷ್ಟೋ ಸಲ ‘ಪ್ರಾಮಾಣಿಕ’ ಬೇಕಾಗೋದೇ ಇಲ್ಲ. ಉತ್ತರ ಬರದಿದ್ದರೆ, ಆ ಪದ ಹಾಕಿದರೂ ಪ್ರಯೋಜನ ಇಲ್ಲ.

ಎರಡನೇ ಹೆಜ್ಜೆ: ದುಡ್ಡಾ, ಮಾತಾ, ಪಾಲಾ?

ಒಳ್ಳೆತನಕ್ಕೆ ಕನ್ನಡದಲ್ಲಿ ಒಂದೇ ಡಬ್ಬಿ ಇಲ್ಲ. ಹಳಬರು ‘ಕೈ, ಬಾಯಿ, ಕಚ್ಚೆ ಮೂರೂ ಶುದ್ಧ ಇರಬೇಕು’ ಅಂತಾರೆ. ಕೈ ಅಂದರೆ ದುಡ್ಡು, ಬಾಯಿ ಅಂದರೆ ಮಾತು, ಕಚ್ಚೆ ಅಂದರೆ ನಡತೆ. ಮೂರನ್ನೂ ಬೇರೆ ಬೇರೆ ಎಣಿಸಿದ್ದಾರೆ ನೋಡಿ. ಕೈ ಶುದ್ಧ ಇರುವವನ ಬಾಯಿ ಶುದ್ಧ ಇರಲೇಬೇಕು ಅಂತೇನಿಲ್ಲ. ಐದು ಪೈಸೆ ಮುಟ್ಟದ, ಆದರೆ ದಿನಕ್ಕೆ ಹತ್ತು ಸುಳ್ಳು ಹೇಳುವ ಸಜ್ಜನರನ್ನು ನಾನು ಬಲ್ಲೆ. ಹಂಚಿಕೆ ಮಾಡೋದು ನಾಲ್ಕನೇ ವಿಷಯ. ನೀವು ಬರೆಯುವುದು ಯಾವುದರ ಬಗ್ಗೆ ಅಂತ ಮೊದಲು ತೀರ್ಮಾನ ಮಾಡಿ.

ದುಡ್ಡಿನ ವಿಷಯ ಆದರೆ ‘ನಿಯತ್ತು’, ‘ಕೈ ಶುದ್ಧ’, ‘ಲೆಕ್ಕ ಚೊಕ್ಕ’. ‘ನಿಯತ್ತು’ ಅರಬ್ಬಿಯಿಂದ ಬಂದದ್ದು. ಅಲ್ಲಿ ಅದಕ್ಕೆ ಉದ್ದೇಶ, ಸಂಕಲ್ಪ ಅಂತ ಅರ್ಥ. ನಾವು ಅದನ್ನು ನಂಬಿಕೆಗೆ ತಕ್ಕ ನಡವಳಿಕೆ ಅಂತ ಮಾಡಿಕೊಂಡಿದ್ದೇವೆ. ‘ನಿಯತ್ತಿನ ಆಳು’ ಅಂದರೆ ನೋಡುವವರಿಲ್ಲದಾಗಲೂ ಚೀಲಕ್ಕೆ ಕೈ ಹಾಕದವನು. ಕಣ್ಣಿಗೆ ಬೀಳದಾಗಿನ ನಡತೆ ಹೇಳಲು ಇದಕ್ಕಿಂತ ಒಳ್ಳೆ ಪದ ನನಗೆ ಸಿಕ್ಕಿಲ್ಲ.

ಮಾತಿನ ವಿಷಯದಲ್ಲಿ ‘ಖರೆ’ ನಮ್ಮ ದಿನದ ಪದ. ‘ನಿಜ’ ರಾಜ್ಯ ಪೂರ್ತಿ ನಡೆಯುತ್ತದೆ. ‘ಸತ್ಯ’ಕ್ಕೆ ತೂಕ ಜಾಸ್ತಿ. ಕೋರ್ಟಿಗೆ, ದೇವರಿಗೆ ಸರಿ. ಬಾಡಿಗೆ ಕರಾರಿಗೆ ಭಾರ ಆಗುತ್ತದೆ. ಪೂರ್ತಿ ಖಚಿತ ಅನ್ನೋಕೆ ‘ಹದಿನಾರಾಣೆ ಖರೆ’ ಅಂತೀವಿ. 1957ರಲ್ಲಿ ಆಣೆ ಲೆಕ್ಕ ಹೋಗಿ ಪೈಸೆ ಲೆಕ್ಕ ಬಂತು. ಆದರೂ ನಮ್ಮ ಬಾಯಲ್ಲಿ ರೂಪಾಯಿಗೆ ಇನ್ನೂ ಹದಿನಾರೇ ಆಣೆ. ಕೊಟ್ಟ ಮಾತಿನ ಬಗ್ಗೆ ಆದರೆ ‘ಮಾತಿಗೆ ನಿಂತರು’ ಅಂತ ಬರೆಯಿರಿ, ಸಾಕು. ‘ವಚನಪರಿಪಾಲಕರು’ ಅಂತ ಬರೆದರೆ ನಾಟಕದ ರಾಜ ಬಂದ ಹಾಗಾಗುತ್ತದೆ.

ತಿರುಗಿ ಕಚ್ಚುವ ಪದಗಳೂ ಇವೆ. ‘ಸಾಚಾ’ ಒಳ್ಳೆ ಪದವೇ. ಆದರೆ ‘ಇವ ಏನ್ ದೊಡ್ಡ ಸಾಚಾನಾ?’ ಅಂತ ಕೇಳಿ ಕೇಳಿ, ಸಾಚಾ ಅಂದರೆ ಸಾಚಾ ಅಲ್ಲದವನು ಅನ್ನೋ ಹಾಗಾಗಿದೆ. ‘ಬಂದ ನೋಡು ಸತ್ಯಹರಿಶ್ಚಂದ್ರ’ ಅಂದರೆ ಯಾರೂ ಹೊಗಳಿಕೆ ಅಂತ ತಿಳಿಯಲ್ಲ. ‘ಸಂಭಾವಿತ’ದ ಗತಿಯೂ ಅದೇ. ಮಾನಪತ್ರದಲ್ಲಿ ಇವು ಬಂದರೆ ಹಿಂದಿನ ಸಾಲಿನಲ್ಲಿ ಕೂತವರು ಮುಸಿಮುಸಿ ನಗುತ್ತಾರೆ. ಅನುಭವದ ಮಾತು.

ಮೂರನೇ ಹೆಜ್ಜೆ: ‘ನಿಷ್ಠೆ’ ಕಂಡರೆ ನಿಲ್ಲಿ

ಇದರಲ್ಲಿ ನಾನೇ ಬಿದ್ದಿದ್ದೇನೆ. ಒಬ್ಬ ಹುಡುಗ ಒಂದು ದಲಾಲಿ ಅಂಗಡಿಯಲ್ಲಿ ಐದು ವರ್ಷ ಲೆಕ್ಕ ಬರೆದಿದ್ದ. ಬೇರೆ ಕಡೆ ಕೆಲಸಕ್ಕೆ ಹೊರಟಿದ್ದ. ಹಳೇ ಸಾಹುಕಾರರು ‘ಚಲೋ ಹುಡುಗ, ಚಲೋತ್ನಂಗ ಬರದು ಕೊಡು’ ಅಂತ ನನ್ನ ಹತ್ತಿರ ಕಳಿಸಿದರು. ನಾನು ‘ಅತ್ಯಂತ ನಿಷ್ಠಾವಂತ ಹಾಗೂ ಪ್ರಾಮಾಣಿಕ’ ಅಂತ ಬರೆದು, ಸಾಹುಕಾರರ ಸಹಿ ಹಾಕಿಸಿ ಕೊಟ್ಟೆ. ಹೊಸ ಅಂಗಡಿಯವರು ಓದಿ ಕೇಳಿದರಂತೆ: “ಅವರಿಗೆ ನಿಷ್ಠ ಆದ್ರ ನನಗೇನು? ನನ್ನ ರೇಟು ಹೋಗಿ ಅಲ್ಲಿ ಹೇಳಂಗಿಲ್ಲ ಅಂತ ಏನು ಗ್ಯಾರಂಟಿ?” ಕೆಲಸ ಸಿಗಲಿಲ್ಲ.

ತಪ್ಪು ಅವರದಲ್ಲ, ನನ್ನದು. ನಿಷ್ಠೆ ಒಬ್ಬರ ಕಡೆಗೆ ಇರುತ್ತದೆ. ಮಾಲೀಕರಿಗೆ, ಪಕ್ಷಕ್ಕೆ, ಜಾತಿಗೆ. ಕಳ್ಳನಿಗೂ ನಿಷ್ಠಾವಂತ ಆಳು ಇರಬಹುದು. ಪ್ರಾಮಾಣಿಕತೆ ಹಾಗಲ್ಲ, ಅದು ಎದುರಿನವರು ಯಾರೇ ಆದರೂ ಒಂದೇ. ಎರಡನ್ನೂ ಜೋಡಿ ಎತ್ತಿನ ಹಾಗೆ ಒಂದೇ ನೊಗಕ್ಕೆ ಕಟ್ಟುವ ಅಭ್ಯಾಸ ನಮಗೆಲ್ಲ ಇದೆ.

ಹುಡುಗನನ್ನು ಮತ್ತೆ ಕೂರಿಸಿಕೊಂಡೆ. ಏನು ಮಾಡಿದ್ದಿ ಹೇಳು ಅಂದೆ. ಅವನಿಗೆ ಹೇಳೋಕೇ ಸಂಕೋಚ. ಅರ್ಧ ಗಂಟೆ ಆದ ಮೇಲೆ ಒಂದು ಸಂಗತಿ ಹೊರಬಂತು. ಸಾಹುಕಾರರ ಹತ್ತಿರ ಹೋಗಿ ಕೇಳಿದೆ. ಹೌದು ಅಂದರು. ಪತ್ರ ಹೀಗೆ ಆಯಿತು:

‘ಐದು ವರ್ಷ ನಮ್ಮ ಅಂಗಡಿಯ ರೋಕಡ, ಅಂದರೆ ನಗದು, ಇವರ ಕೈಯಲ್ಲಿತ್ತು. ಸಂಜೆ ಲೆಕ್ಕ ಕೂಡಿಸಿದಾಗ ವ್ಯತ್ಯಾಸ ಬಂದರೆ ಅದೇ ದಿನ ನನಗೆ ಹೇಳುತ್ತಿದ್ದರು. ಒಂದು ಸುಗ್ಗಿಯಲ್ಲಿ ಒಬ್ಬ ರೈತರಿಗೆ 75 ಕೆಜಿಯ ಎರಡು ಚೀಲ ಭತ್ತದ ಹಣ ಕಡಿಮೆ ಸಂದಾಯ ಆಗಿತ್ತು. ರೈತರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇವರೇ ಕಂಡುಹಿಡಿದು, ನನಗೆ ತಿಳಿಸಿ, ಅವರ ಊರಿಗೆ ಹೋಗಿ ಹಣ ಮುಟ್ಟಿಸಿ ಬಂದರು.’

‘ಪ್ರಾಮಾಣಿಕ’ ಅನ್ನೋ ಪದ ಇದರಲ್ಲಿ ಎಲ್ಲೂ ಇಲ್ಲ. ಮೂರನೇ ಅಂಗಡಿಯಲ್ಲಿ ಅವನಿಗೆ ಕೆಲಸ ಆಯಿತು.

ನಿಷ್ಠೆಯ ಪಕ್ಕದಲ್ಲೇ ‘ನಿಷ್ಠುರ’ ಇದೆ. ಅದು ಇನ್ನೂ ಸೂಕ್ಷ್ಮ. ‘ನಿಷ್ಠುರವಾದಿ’ ಅಂದರೆ ಮುಲಾಜಿಲ್ಲದೆ ಇದ್ದದ್ದು ಹೇಳುವವರು, ಹೊಗಳಿಕೆ. ‘ನಿಷ್ಠುರ ಮಾಡಿಕೊಂಡರು’ ಅಂದರೆ ಸಂಬಂಧ ಕೆಡಿಸಿಕೊಂಡರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಆ ಒದೆ ತಿಂದವರ ಮಾನಪತ್ರದಲ್ಲಿ ಈ ಪದ ಹಾಕಬೇಕಾದರೆ ವೇದಿಕೆ ಮೇಲೆ ಯಾರು ಯಾರು ಕೂತಿರುತ್ತಾರೆ ಅಂತ ಮೊದಲು ಕೇಳಿಕೊಳ್ಳಿ.

ನಾಲ್ಕನೇ ಹೆಜ್ಜೆ: ಓದುವವರು ಯಾರು ಅಂತ ನೋಡಿ

ರಾಯಚೂರು, ಕೊಪ್ಪಳದ ಕಡೆಯವರ ಕಾಗದದಲ್ಲಿ ಉರ್ದು ಪದ ಜಾಸ್ತಿ. ಅದಕ್ಕೆ ಕಾರಣ ಇದೆ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಹೈದರಾಬಾದಿನಲ್ಲಿದ್ದೆವು. ಕಚೇರಿ, ಕಂದಾಯ, ಕೋರ್ಟು ಎಲ್ಲ ಉರ್ದುವಿನಲ್ಲಿ. ಬಳ್ಳಾರಿಯ ಕತೆ ಬೇರೆ. ಅದು ಮದ್ರಾಸಿನ ಕಡೆ ಇತ್ತು, 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. ಬಳ್ಳಾರಿ, ಸಿರುಗುಪ್ಪದ ತೆಲುಗು ಮನೆಮಾತಿನವರ ಬಾಯಲ್ಲಿ ‘ನಿಜಾಯಿತಿ’ ಕೇಳಬಹುದು. ನಮ್ಮ ‘ನಿಯತ್ತು’ ನಿಲ್ಲುವ ಜಾಗದಲ್ಲಿ ಅವರ ‘ನಿಜಾಯಿತಿ’ ನಿಂತಿದೆ.

ಈ ಪದಗಳ ಬೇರು ಹಿಡಿದು ಹೋದರೆ ಮಜಾ ಇದೆ. ‘ಇನ್ಸಾಫ್’ ಅಂದರೆ ನ್ಯಾಯ. ಆ ಪದದ ಮೂಲದಲ್ಲಿ ಅರಬ್ಬಿಯ ‘ಅರ್ಧ’ ಇದೆ. ಎರಡು ಕಡೆಗೂ ಸರಿಯಾಗಿ ಅರ್ಧ ಅರ್ಧ ಅನ್ನೋ ಲೆಕ್ಕ. ಅದೇ ಬೇರಿನಿಂದ ‘ಮುನ್ಸಿಫ್’, ಅಂದರೆ ನ್ಯಾಯಾಧೀಶ, ಬಂತು. ಕೋರ್ಟಿನ ಹೆಸರು ಬದಲಾಗಿ ಎಷ್ಟೋ ವರ್ಷ ಆದರೂ ನಮ್ಮ ಜನ ಇವತ್ತಿಗೂ ‘ಮುನ್ಸಿಫ್ ಕೋರ್ಟು’ ಅಂತಲೇ ಕೇಳಿಕೊಂಡು ಬರ್ತಾರೆ. ‘ಇಮಾನ್’ (ನಂಬಿಕೆ), ‘ಅಮೀನ’ (ಕೋರ್ಟಿನ ನೋಟೀಸು ತರುವವನು), ‘ಅಮಾನತು’ ಮೂರೂ ಒಂದೇ ಬೇರಿನ ಮಕ್ಕಳು. ಅಮಾನತು ಅಂದರೆ ಮೂಲದಲ್ಲಿ ನಂಬಿ ಇಟ್ಟ ವಸ್ತು. ಈಗ ಕನ್ನಡದಲ್ಲಿ ‘ನೌಕರ ಅಮಾನತು’ ಅಂದರೆ ಅವನ ಮೇಲಿನ ನಂಬಿಕೆ ಹೋಗಿ ಕೆಲಸದಿಂದ ದೂರ ಇಟ್ಟರು ಅಂತ! ಪದಗಳೂ ಮನುಷ್ಯರ ಹಾಗೇ, ಊರು ಬಿಟ್ಟು ಬಂದ ಮೇಲೆ ಬದಲಾಗುತ್ತವೆ.

ಬರೆಯೋಕೆ ಇದರಿಂದ ಏನು ಉಪಯೋಗ? ಓದುವ ಅಧಿಕಾರಿ ಹಾಸನದವರೋ ಮಂಗಳೂರಿನವರೋ ಆಗಿರಬಹುದು. ‘ಖರೆ’ ಅವರಿಗೆ ತಿಳಿಯುತ್ತದೆ. ‘ಪಾಳಿ’ ಗೊತ್ತು, ಆದರೆ ಕೆಲಸದ ಪಾಳಿ ಅಂತ ಓದಬಹುದು. ‘ರೋಕಡ’ಕ್ಕೆ ಹುಬ್ಬು ಏರಿಸಬಹುದು. ಊರಿನ ಪದ ತೆಗೆಯಬೇಡಿ. ಪಕ್ಕದಲ್ಲಿ ಒಂದು ಕಚೇರಿ ಪದ ನಿಲ್ಲಿಸಿ: ‘ನೀರಿನ ಪಾಳಿ, ಅಂದರೆ ನಮಗೆ ನಿಗದಿಯಾದ ಸರದಿ’. ಒಂದು ಸಲ ಹೇಳಿದರೆ ಸಾಕು. ಮುಂದಿನ ಸಾಲುಗಳಲ್ಲಿ ಬರೀ ಪಾಳಿ ಅಂತ ನಡೆಯುತ್ತದೆ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವಾಗ ಮಸ್ಕಿ ಸಿಗುತ್ತದಲ್ಲ, ಅಲ್ಲಿನ ಬಂಡೆ ಮೇಲೆ ಅಶೋಕನ ಶಾಸನ ಇದೆ. 1915ರಲ್ಲಿ ಪತ್ತೆಯಾಯಿತು. ಶಾಸನಗಳಲ್ಲಿ ಬಿರುದಾಗಿ ಬರುವ ‘ದೇವಾನಾಂಪಿಯ’ ಅನ್ನುವವನೇ ಅಶೋಕ ಅಂತ ಹೆಸರು ಹಿಡಿದು ಹೇಳಿದ್ದಕ್ಕೆ ಅದು ಪ್ರಸಿದ್ಧ. ನನಗೆ ಇಷ್ಟ ಆಗೋದು ಬೇರೆ ಮಾತು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಿಗೋದು ಅಂತ ತಿಳಿಯಬೇಡಿ, ಸಣ್ಣವರಿಗೂ ಸಿಗುತ್ತದೆ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಅಂತ ಅದರಲ್ಲಿದೆ. ಸಣ್ಣವರಿಗೆ ಅಲ್ಲಿ ‘ಖುದಕ’ ಅಂತ ಪದ. ಬರೆಸಿದ್ದು ಸಂಸ್ಕೃತದಲ್ಲಲ್ಲ, ಪ್ರಾಕೃತದಲ್ಲಿ. ಚಕ್ರವರ್ತಿಯೇ ಅಷ್ಟು ಸರಳವಾಗಿ ಬರೆಸಿದ ಮೇಲೆ, ಒಂದು ಅರ್ಜಿಯಲ್ಲಿ ‘ಋಜುಮಾರ್ಗದಲ್ಲಿ ಸಂಚರಿಸುವ’ ಅಂತೆಲ್ಲ ಬರೆಯೋಕೆ ನನಗೆ ನಾಚಿಕೆ.

ಋಜು ಅಂದಾಗ ನೆನಪಾಯಿತು. ‘ಋಜು’ ಅಂದರೆ ನೇರ. ‘ರುಜು’ ಅಂದರೆ ಸಹಿ. ‘ಪ್ರಮಾಣಿಕ’ ತಪ್ಪು, ‘ಪ್ರಾಮಾಣಿಕ’ ಸರಿ. ‘ನಿಷ್ಟೆ’ ತಪ್ಪು, ‘ನಿಷ್ಠೆ’ ಸರಿ. ‘ಧೃಡ’ ತಪ್ಪು, ‘ದೃಢ’ ಸರಿ. ಕಾಗುಣಿತ ಇಷ್ಟು ನೋಡಿಕೊಂಡರೆ ಸಾಕು.

ಐದನೇ ಹೆಜ್ಜೆ: ದೂರಿನಲ್ಲಿ ಬೈಗುಳ ಬೇಡ

ಸಿಟ್ಟಿನಲ್ಲಿ ಬಂದವರು ಮೊದಲು ಹೇಳೋದು ‘ಮೋಸಗಾರ, ಲಂಚಕೋರ, ಬೇಯಿಮಾನಿ ಅಂತ ಹಾಕ್ರಿ’. ಹಾಕಬೇಡಿ. ಮೊದಲನೆಯದು, ಓದುವವರು ಅದನ್ನು ನಿಮ್ಮ ಸಿಟ್ಟು ಅಂತ ಬದಿಗಿಡುತ್ತಾರೆ. ಎರಡನೆಯದು, ಮಾನಹಾನಿ ಕಾನೂನು ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 356ನೇ ಕಲಂ. ಅಧಿಕಾರ ಇರುವವರ ಮುಂದೆ ಸದುದ್ದೇಶದಿಂದ ದೂರು ಕೊಟ್ಟರೆ ಅದು ಮಾನಹಾನಿ ಆಗೋದಿಲ್ಲ ಅಂತ ಅದರಲ್ಲೇ ಇದೆ. ಕಾನೂನು ಕೂಡ ಕೊನೆಗೆ ನಿಯತ್ತನ್ನೇ ಕೇಳುತ್ತದೆ ನೋಡಿ. ಆದರೆ ಅದೇ ಕಾಗದದ ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಆ ರಕ್ಷಣೆ ನೆಚ್ಚಿಕೊಂಡು ಕೂರಬೇಡಿ.

ವಿಶೇಷಣ ತೆಗೆದು ಕ್ರಿಯೆ ಬರೆಯಿರಿ. ‘ಲಂಚಕೋರ’ ಬದಲು ‘ಇಂಥ ತಾರೀಕು, ಇಂಥ ಕೆಲಸಕ್ಕೆ, ಇಷ್ಟು ಹಣ ಕೇಳಿದರು, ಜೊತೆಗೆ ಇಂಥವರಿದ್ದರು’. ‘ತೂಕದಲ್ಲಿ ಮೋಸ’ ಬದಲು ‘ಮನೆ ಹತ್ತಿರ ತೂಗಿದಾಗ ಇಷ್ಟು, ಅಲ್ಲಿ ತೂಗಿದಾಗ ಇಷ್ಟು, ಯಂತ್ರದ ಮೇಲೆ ಈ ವರ್ಷದ ಸೀಲು ಕಾಣಲಿಲ್ಲ’. ತೂಕದ ದೂರು ಹೋಗಬೇಕಾದದ್ದು ಕಾನೂನು ಮಾಪನಶಾಸ್ತ್ರ ಇಲಾಖೆಗೆ. ಅಲ್ಲಿಗೆ ಬೇಕಾಗಿರೋದು ಸೀಲು ಮತ್ತು ಅಂಕಿ. ‘ರೈತದ್ರೋಹಿ’ ಅಂತ ಬರೆದರೆ ಅವರು ಏನು ಪರೀಕ್ಷೆ ಮಾಡಬೇಕು ಹೇಳಿ?

ಎರಡು ಪದಗಳ ವ್ಯತ್ಯಾಸ ಮಾತ್ರ ಗಟ್ಟಿಯಾಗಿ ತಿಳಿದುಕೊಳ್ಳಿ, ದುಡ್ಡು ಹೋದವರು ಇಲ್ಲೇ ತಪ್ಪುತ್ತಾರೆ. ‘ಮೋಸ’ ಮತ್ತು ‘ನಂಬಿಕೆ ದ್ರೋಹ’. ಮೊದಲಿನಿಂದಲೇ ಕೊಡುವ ಮನಸ್ಸಿಲ್ಲದೆ, ಸುಳ್ಳು ಹೇಳಿ ನಿಮ್ಮಿಂದ ದುಡ್ಡೋ ಮಾಲೋ ಕಿತ್ತುಕೊಂಡರೆ ಅದು ಮೋಸ, ಅದೇ ಸಂಹಿತೆಯ 318ನೇ ಕಲಂ. ನೀವಾಗಿಯೇ ನಂಬಿ ಒಪ್ಪಿಸಿದ್ದನ್ನು ಆಮೇಲೆ ತಾನೇ ನುಂಗಿದರೆ ಅದು ನಂಬಿಕೆ ದ್ರೋಹ, 316ನೇ ಕಲಂ. ಇಲ್ಲದ ಸೈಟು ತೋರಿಸಿ ಮುಂಗಡ ತಗೊಂಡದ್ದು ಮೋಸ. ಸಂಘದ ದುಡ್ಡು ಇಟ್ಟುಕೊಳ್ಳಿ ಅಂತ ಖಜಾಂಚಿಗೆ ಕೊಟ್ಟಿದ್ದು, ಅವರು ಅದರಲ್ಲಿ ಬೈಕ್ ತಗೊಂಡದ್ದು ನಂಬಿಕೆ ದ್ರೋಹ. ಬರೀ ಸಾಲ ವಾಪಸ್ ಬರಲಿಲ್ಲ ಅಂದರೆ ಎಷ್ಟೋ ಸಲ ಎರಡೂ ಅಲ್ಲ, ಸಿವಿಲ್ ದಾವೆ. ಅರ್ಜಿಯಲ್ಲಿ ಯಾವ ಪದ ಹಾಕಬೇಕು ಅನ್ನೋದಕ್ಕೆ ಉತ್ತರ ಒಂದೇ ಪ್ರಶ್ನೆಯಲ್ಲಿದೆ: ಕೊಡುವಾಗ ಅವರು ಸುಳ್ಳು ಹೇಳಿದ್ದರಾ, ಅಥವಾ ಕೊಟ್ಟ ಮೇಲೆ ಬದಲಾದರಾ? ಇಷ್ಟು ಸ್ಪಷ್ಟ ಮಾಡಿಕೊಂಡು ವಕೀಲರ ಹತ್ತಿರ ಹೋದರೆ ಅವರ ಕೆಲಸವೂ ಹಗುರ.

ಭೇದಭಾವದ ದೂರಿಗೆ ಕನ್ನಡದಲ್ಲಿ ಗಾದೆಗಳ ಸುಗ್ಗಿ. ಮುಖ ನೋಡಿ ಮಣೆ ಹಾಕೋದು, ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ, ಪಂಕ್ತಿಭೇದ, ಮಲತಾಯಿ ಧೋರಣೆ. ಭಾಷಣಕ್ಕೆ ಇಟ್ಟುಕೊಳ್ಳಿ. ಅರ್ಜಿಯಲ್ಲಿ ‘ಪಕ್ಷಪಾತ’ ಅಥವಾ ‘ತಾರತಮ್ಯ’ ಒಂದು ಸಲ ಸಾಕು. ಯಾರೋ ಒಬ್ಬರ ಕಡೆ ವಾಲಿದರೆ ಪಕ್ಷಪಾತ. ಜನರನ್ನು ಮೇಲು ಕೀಳು ಅಂತ ವಿಂಗಡಿಸಿದರೆ ತಾರತಮ್ಯ. ಮಂತ್ರಿಗಳು, ನ್ಯಾಯಾಧೀಶರು ಪ್ರಮಾಣವಚನದಲ್ಲಿ ನಾಲ್ಕನ್ನು ಬಿಡುತ್ತೇವೆ ಅಂತಾರೆ: ಭಯ, ಪಕ್ಷಪಾತ, ರಾಗ, ದ್ವೇಷ. ದೂರು ಬರೆಯುವಾಗ ಈ ನಾಲ್ಕರಲ್ಲಿ ಎದುರಿನವರ ತಪ್ಪು ಯಾವುದು ಅಂತ ನೋಡಿಕೊಳ್ಳಿ. ಹೆದರಿ ಕೆಲಸ ಕೆಡಿಸಿದವರನ್ನು ಪಕ್ಷಪಾತಿ ಅಂದರೆ ದೂರು ದಾರಿ ತಪ್ಪುತ್ತದೆ.

ಆರನೇ ಹೆಜ್ಜೆ: ‘ಸಮ’ ಬೇರೆ, ‘ನ್ಯಾಯ’ ಬೇರೆ

ಪಾಲುಪತ್ರದಲ್ಲಿ ‘ನ್ಯಾಯಸಮ್ಮತವಾಗಿ ಹಂಚಿಕೊಂಡಿರುತ್ತೇವೆ’ ಅಂತ ಒಂದು ಸಾಲು ಬರುತ್ತದೆ. ಓದೋಕೆ ಚಂದ. ಹತ್ತು ವರ್ಷದ ಮೇಲೆ ಜಗಳ ಬಂದಾಗ ಆ ಸಾಲಿನಿಂದ ಒಂದು ಗುಂಟೆಯೂ ಹುಟ್ಟೋದಿಲ್ಲ.

ಎಂಟು ಎಕರೆ, ಇಬ್ಬರು ಅಣ್ಣತಮ್ಮ. ನಾಲ್ಕು ನಾಲ್ಕು ಮಾಡಿದರೆ ‘ಸಮ’. ಆದರೆ ಒಬ್ಬನ ನಾಲ್ಕು ಕಾಲುವೆ ಕೆಳಗೆ, ಇನ್ನೊಬ್ಬನದು ಮಳೆ ನಂಬಿದ ಒಣಭೂಮಿ. ‘ಸಮಪಾಲು’ ಅಂತ ಬರೆದರೆ ವಿಸ್ತೀರ್ಣದಲ್ಲಿ ಸಮನೋ, ಬೆಲೆಯಲ್ಲಿ ಸಮನೋ? ಬರೆಯಿರಿ. ಸರ್ವೆ ನಂಬರ್, ಎಕರೆ, ಗುಂಟೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ, ಬಾವಿ ಯಾರಿಗೆ, ಬಂಡಿದಾರಿ ಎಲ್ಲಿ, ಬೇವಿನ ಮರ ಯಾರದು. ಒಪ್ಪಿಗೆ ಆಗದಿದ್ದರೆ ಒಬ್ಬರು ಎರಡು ಪಾಲು ಮಾಡಲಿ, ಇನ್ನೊಬ್ಬರು ಆರಿಸಿಕೊಳ್ಳಲಿ. ಪಾಲು ಮಾಡುವವರು ಆಗ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅಳೆಯುತ್ತಾರೆ.

ಈ ವ್ಯತ್ಯಾಸ ನಮ್ಮ ಭಾಗಕ್ಕೆ ಹೊಸದಲ್ಲ. ಎಲ್ಲ ಜಿಲ್ಲೆಗೂ ಒಂದೇ ಅಳತೆ ಅಂದರೆ ಹಿಂದೆ ಉಳಿದವರು ಹಿಂದೆಯೇ ಉಳಿಯುತ್ತಾರೆ ಅಂತ ಹೋರಾಡಿದ್ದಕ್ಕೇ ಸಂವಿಧಾನದ 98ನೇ ತಿದ್ದುಪಡಿಯಲ್ಲಿ, ನಮ್ಮ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ 371(ಜೆ) ಬಂತು. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಅದರಲ್ಲಿವೆ. ‘ನಮಗೂ ಸಮ ಕೊಡಿ’ ಅಂತ ಕೇಳಿದ್ದರೆ ಅದು ಸಿಗುತ್ತಿರಲಿಲ್ಲ. ಅಲ್ಲಿ ಕೇಳಿದ್ದು ನ್ಯಾಯ. ಹೌದು, ಈ ನ್ಯಾಯಕ್ಕೆ ಎರಡೂ ಅರ್ಥ ಇತ್ತು, ಜಗಳವೂ ಸೇರಿ.

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಪದಗಳು ತುಂಬಾ ನಾಜೂಕಾಗುತ್ತವೆ. ಹಿಂದೂ ಉತ್ತರಾಧಿಕಾರ ಕಾನೂನಿಗೆ 2005ರಲ್ಲಿ ಆದ ತಿದ್ದುಪಡಿಯಿಂದ, ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಹುಟ್ಟಿನಿಂದಲೇ. 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ‘ಅರಿಷಿಣ ಕುಂಕುಮಕ್ಕೆ’ ಅಂತ ಒಂದಿಷ್ಟು ಕೊಟ್ಟು, ಹಕ್ಕು ಬಿಡುಗಡೆ ಪತ್ರ ಬರೆಸುವುದು ನಡೆದೇ ಇದೆ. ‘ಅರಿಷಿಣ ಕುಂಕುಮ’ ಉಡುಗೊರೆಯ ಪದ. ‘ಪಾಲು’, ‘ಹಕ್ಕು’ ಬೇರೆ ಪದ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲು ಯಾರಾದರೂ ಹೇಳಿದರೆ ನಾನು ಒಪ್ಪೋದಿಲ್ಲ. ಗಿರಾಕಿ ಹೋದರೂ ಹೋಗಲಿ.

ಕೊನೆಯ ಹೆಜ್ಜೆ: ಓದಿ ಹೇಳಿ

ಬರೆದದ್ದನ್ನು, ಸಹಿ ಹಾಕುವವರಿಗೆ ಗಟ್ಟಿಯಾಗಿ ಓದಿ ಹೇಳಿ. ನಿಧಾನಕ್ಕೆ, ಅವರು ಒಬ್ಬರೇ ಇದ್ದಾಗ. ಕಿವಿಗೆ ಬಿದ್ದಾಗ ಸುಳ್ಳು ಪದ ಅವರಿಗೇ ಚುಚ್ಚುತ್ತದೆ.

ಹೋದ ವರ್ಷ ಇಬ್ಬರು ಅಣ್ಣಂದಿರು ತಂಗಿಯನ್ನು ಕರೆದುಕೊಂಡು ಬಂದರು. ಹಕ್ಕು ಬಿಡುಗಡೆಗೆ ಒಂದು ಕರಡು ಬೇಕಿತ್ತು. ಆಮೇಲೆ ವಕೀಲರಿಗೆ ತೋರಿಸಿ ನೋಂದಣಿ ಮಾಡಿಸ್ತೀವಿ ಅಂದರು. ಎಲ್ಲರೂ ಬರೆಯುವ ಸಾಲೇ ನಾನೂ ಬರೆದೆ: ‘ಅಣ್ಣಂದಿರ ಮೇಲಿನ ಪ್ರೀತಿ ವಿಶ್ವಾಸದಿಂದ, ಸ್ವಇಚ್ಛೆಯಿಂದ ನನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ.’ ಆಮೇಲೆ ಅಣ್ಣಂದಿರನ್ನು ಚಹಾ ತರೋಕೆ ಕಳಿಸಿದೆ. ಆಕೆಗೆ ಕಾನೂನು ಹೇಳಿದೆ, ಅವರ ಪಾಲು ಎಷ್ಟಾಗುತ್ತದೆ ಅಂತಲೂ ಹೇಳಿದೆ.

“ಗೊತ್ತೈತ್ರಿ” ಅಂದರು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಳ್ಳುತ್ತಿದ್ದರು. “ಇನ್ನೊಮ್ಮೆ ಓದ್ರಿ.”

ಓದಿದೆ.

“‘ಸ್ವಇಚ್ಛೆ’ ಇರಲಿ. ಅದು ಇರಬೇಕಲ್ಲಾ ಕಾಗದಕ್ಕ. ‘ಪ್ರೀತಿ’ ತೆಗೀರಿ.”

ತೆಗೆದೆ. ಅಷ್ಟರಲ್ಲಿ ಅಣ್ಣಂದಿರು ಚಹಾ ಹಿಡಿದುಕೊಂಡು ಬಂದರು. ನಾಲ್ಕು ಕಪ್ಪು ತಂದಿದ್ದರು, ನನಗೂ ಸೇರಿಸಿ. ದೊಡ್ಡವನು ಕಾಗದ ತಗೊಂಡು ಕಣ್ಣಾಡಿಸಿದ. ಎಲ್ಲ ಸರಿ ಐತಿ ಅಂದ.